ತಾತನ ನಾಲಿಗೆ ಮೇಲಿದ್ದದ್ದು ಮೊಸರನ್ನ ಅಲ್ಲ

ಹೋದ ಡಿಸೆಂಬರ್‌ನಲ್ಲಿ ನಮ್ಮ ತಾತ ನ್ಯುಮೋನಿಯಾ ಆಗಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದರು. ನನಗೆ ಸೆಮಿಸ್ಟರ್ ರಜೆ ಇದ್ದದ್ದರಿಂದ ರಾತ್ರಿ ಅವರ ಹತ್ರ ಇರೋ ಡ್ಯೂಟಿ ನಂದು. ಎಂಟನೇ ದಿನಕ್ಕೆ ಜ್ವರ ಬಿಟ್ಟಿತ್ತು, ಕೆಮ್ಮು ಕಡಿಮೆಯಾಗಿತ್ತು. ಆದ್ರೆ ತಾತ ಊಟ ಬಿಟ್ಟರು. ಎರಡು ತುತ್ತು ತಿಂದು ಸಾಕು ಅಂತ ಮುಖ ತಿರುಗಿಸೋರು. ಮನೆಗೆ ಹೋಗೋಕೆ ಹಟ ಮಾಡ್ತಿದ್ದಾರೆ ಅಂದ್ಕೊಂಡ್ವಿ. ನಾಲಿಗೆ ಮೇಲೆ ಬೆಳ್ಳಗೆ ಕಾಣ್ತಿತ್ತು. ಮೊಸರನ್ನ ಮೆತ್ತಿಕೊಂಡಿದೆ ಅಂತ ಅಮ್ಮ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಕೆಳಗೆ ಕೆಂಪಗೆ ಹುಣ್ಣಿನ ಹಾಗೆ ಇತ್ತು, ಸ್ವಲ್ಪ ರಕ್ತಾನೂ ಬಂತು.

ಅದು ಕ್ಯಾಂಡಿಡಾ ಅನ್ನೋ ಶಿಲೀಂಧ್ರ. ಹೊರಗಿಂದ ಬಂದ ಶತ್ರು ಏನಲ್ಲ. ಇದನ್ನ ಓದ್ತಾ ಇರೋ ನಿಮ್ಮಲ್ಲೂ ಎಷ್ಟೋ ಜನರ ಬಾಯಲ್ಲಿ ಅದು ಸುಮ್ಮನೆ ಇರುತ್ತೆ. ನಮ್ಮ ಬಾಯಲ್ಲಿರೋ ಬ್ಯಾಕ್ಟೀರಿಯಾ, ಎಂಜಲು, ರೋಗನಿರೋಧಕ ಶಕ್ತಿ ಎಲ್ಲಾ ಸೇರಿ ಅದನ್ನ ಹದ್ದುಬಸ್ತಿನಲ್ಲಿ ಇಟ್ಟಿರ್ತವೆ. ಆಸ್ಪತ್ರೆಯಲ್ಲಿ ಈ ಕಾವಲು ಒಂದೊಂದಾಗಿ ಬಿದ್ದುಹೋಗುತ್ತೆ. ಆಂಟಿಬಯಾಟಿಕ್ ಒಳ್ಳೇ ಬ್ಯಾಕ್ಟೀರಿಯಾನೂ ಕೊಲ್ಲುತ್ತೆ. ಉಸಿರಾಟಕ್ಕೆ ಕೊಡೋ ಸ್ಟೀರಾಯ್ಡ್ ಬಾಯಲ್ಲೇ ಸ್ವಲ್ಪ ಉಳ್ಕೊಳ್ಳುತ್ತೆ. ಬಾಯಿ ಒಣಗುತ್ತೆ. ಇದರ ಜೊತೆ ತಾತನಿಗೆ ಶುಗರ್, ಮೇಲಿನ ದವಡೆಗೆ ಪೂರ್ತಿ ಕಟ್ಟಿಸಿದ ಹಲ್ಲು. ಆ ಹಲ್ಲಿನ ಸೆಟ್ಟನ್ನ ಹನ್ನೆರಡು ರಾತ್ರೀಲಿ ಒಂದು ಸಲಾನೂ ಯಾರೂ ತೆಗೆಸಲಿಲ್ಲ. ನಾನೂ ತೆಗೆಸಲಿಲ್ಲ.

ಡ್ಯೂಟಿ ಡಾಕ್ಟರ್ ಟಾರ್ಚ್ ಹಾಕಿ ನೋಡಿ ಫ್ಲುಕೊನಜೋಲ್ ಬರೆದರು. ಒಂದು ವಾರ ಆಯ್ತು, ಕಡಿಮೆ ಆಗ್ಲಿಲ್ಲ. ಮನೆಗೆ ಬಂದ ಮೇಲೆ ಅಪ್ಪ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿಂದ ಅದನ್ನೇ ಇನ್ನೊಂದು ವಾರಕ್ಕೆ ತಂದರು. ಆಗ್ಲೂ ಅಷ್ಟೇ. ಕೊನೆಗೆ ನಮ್ಮೂರಿನ ಹಲ್ಲಿನ ಡಾಕ್ಟರ್ ಒಬ್ಬರು ಹತ್ತಿ ಕಡ್ಡಿಯಲ್ಲಿ ನಾಲಿಗೆ ಮತ್ತು ಹಲ್ಲಿನ ಸೆಟ್ ಒರೆಸಿ ಲ್ಯಾಬಿಗೆ ಕಳಿಸಿದರು. ನಾಲ್ಕು ದಿನಕ್ಕೆ ರಿಪೋರ್ಟ್ ಬಂತು. ಕ್ಯಾಂಡಿಡಾ ಗ್ಲಾಬ್ರಾಟಾ. ಫ್ಲುಕೊನಜೋಲ್ ಎದುರಿಗೆ ‘ಆರ್’ ಅನ್ನೋ ಒಂದೇ ಅಕ್ಷರ. ರೆಸಿಸ್ಟೆಂಟ್. ಎರಡು ವಾರ ತಾತ ನುಂಗಿದ್ದು ಅವರ ಬಾಯಲ್ಲಿದ್ದ ಶಿಲೀಂಧ್ರಕ್ಕೆ ಲೆಕ್ಕಕ್ಕೇ ಇಲ್ಲದ ಔಷಧ. ಅಷ್ಟರಲ್ಲಿ ಅವರ ತೂಕ ಆರು ಕೆಜಿ ಇಳಿದಿತ್ತು.

ನಾನು ಓದ್ತಿರೋದು ಎಲೆಕ್ಟ್ರಾನಿಕ್ಸ್, ಮೆಡಿಕಲ್ ಅಲ್ಲ. ಆದ್ರೂ ಈ ‘ಆರ್’ ಹಿಂದೆ ಏನಿದೆ ಅಂತ ಕೂತು ಓದಿದೆ. ಶಿಲೀಂಧ್ರದ ಜೀವಕೋಶದ ಪೊರೆಯಲ್ಲಿ ಎರ್ಗೊಸ್ಟೆರಾಲ್ ಅನ್ನೋ ಪದಾರ್ಥ ಇರುತ್ತೆ, ನಮ್ಮಲ್ಲಿ ಕೊಲೆಸ್ಟರಾಲ್ ಇರೋ ಹಾಗೆ. ಅದನ್ನ ತಯಾರಿಸೋ ಒಂದು ಕಿಣ್ವವನ್ನ ಫ್ಲುಕೊನಜೋಲ್ ತಡೆಯುತ್ತೆ. ಗ್ಲಾಬ್ರಾಟಾ ಏನು ಮಾಡುತ್ತೆ ಅಂದ್ರೆ, ಒಳಗೆ ಬಂದ ಔಷಧವನ್ನ ಪಂಪ್ ಮಾಡಿ ವಾಪಸ್ ಹೊರಗೆ ಹಾಕುತ್ತೆ. ಕ್ಯಾಂಡಿಡಾ ಕ್ರುಸೈ ಅನ್ನೋ ಇನ್ನೊಂದು ಜಾತಿಗಂತೂ ಫ್ಲುಕೊನಜೋಲ್ ಹುಟ್ಟಿನಿಂದಲೇ ನಾಟಲ್ಲ. ಶಿಲೀಂಧ್ರದ ಜೀವಕೋಶ ಬ್ಯಾಕ್ಟೀರಿಯಾದ ಹಾಗಲ್ಲ, ಸುಮಾರು ನಮ್ಮ ಜೀವಕೋಶದ ಹಾಗೇ ಇದೆ. ಅದನ್ನ ಕೊಂದು ನಮ್ಮನ್ನ ಉಳಿಸೋ ಔಷಧ ಹುಡುಕೋದು ಕಷ್ಟ. ಅದಕ್ಕೇ ಇರೋ ಔಷಧದ ಗುಂಪುಗಳು ಬೆರಳೆಣಿಕೆಯಷ್ಟು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಮಾಡಿತು. ಅದರಲ್ಲಿರೋ 19ರಲ್ಲಿ ಕ್ಯಾಂಡಿಡಾ ಗುಂಪಿನವೇ ಹಲವು.

ನನ್ನ ವಾದ ಇಷ್ಟೇ. ಆಸ್ಪತ್ರೆಯಲ್ಲಿರೋ ರೋಗಿಯ ಬಾಯಲ್ಲಿ ಬಿಳಿ ಪದರ ಕಂಡ್ರೆ, ಮಾತ್ರೆ ಶುರು ಮಾಡೋ ಮೊದಲು ಒಂದು ಸ್ಯಾಂಪಲ್ ತೆಗೆದಿಡಬೇಕು. ಲ್ಯಾಬಲ್ಲಿ ನಮ್ಮ ಸರ್ಕ್ಯೂಟ್ ಕೆಲಸ ಮಾಡ್ದಿದ್ದಾಗ ಮಲ್ಟಿಮೀಟರ್ ಹಿಡಿದೇ ಐಸಿ ಬದಲಾಯಿಸಿದ್ರೆ ಇನ್‌ಸ್ಟ್ರಕ್ಟರ್ ಬೈತಾರೆ. ಹತ್ತಿಪ್ಪತ್ತು ರೂಪಾಯಿ ಐಸಿಗೇ ಅಷ್ಟು ಶಿಸ್ತು ಬೇಕು ಅಂದ್ರೆ ತಾತನಿಗೆ ಬೇಡ್ವಾ?

ಇದಕ್ಕೆ ಡಾಕ್ಟರಾಗಿರೋ ನನ್ನ ಅತ್ತೆ ಕೊಟ್ಟ ಉತ್ತರ ನ್ಯಾಯವಾಗೇ ಇದೆ. “ಎಲ್ಲರಿಗೂ ಕಲ್ಚರ್ ಮಾಡಿಸು ಅಂದ್ರೆ ಆಗಲ್ಲ ಕಣೋ. ರಿಪೋರ್ಟ್ ಬರೋವರೆಗೂ ರೋಗಿ ನೋವು ತಿನ್ಕೊಂಡು ಕೂರೋಕಾಗುತ್ತಾ? ಹೆಚ್ಚಿನವರಿಗೆ ಮೊದಲ ಔಷಧದಲ್ಲೇ ವಾಸಿ ಆಗುತ್ತೆ. ಆರೋಗ್ಯವಾಗಿರೋರ ಬಾಯಲ್ಲೂ ಕ್ಯಾಂಡಿಡಾ ಬೆಳೆಯುತ್ತೆ, ರಿಪೋರ್ಟ್ ನೋಡಿ ಸುಮ್ಮನೆ ಹೆದರ್ತಾರೆ” ಅಂದ್ರು. ಒಪ್ತೀನಿ. ನಾನು ಔಷಧ ತಡ ಮಾಡಿ ಅಂತಿಲ್ಲ. ಔಷಧ ಇವತ್ತೇ ಕೊಡಿ, ಆದ್ರೆ ಆಸ್ಪತ್ರೆಯಲ್ಲಿ ದಿನಗಟ್ಟಲೆ ಮಲಗಿರೋ ಶುಗರ್ ರೋಗಿ, ಕೀಮೋ ರೋಗಿ ಇಂಥೋರದ್ದಾದ್ರೂ ಸ್ಯಾಂಪಲ್ ಮೊದಲು ತೆಗೀರಿ. ಒಂದು ವಾರಕ್ಕೂ ಜಗ್ಗದಿದ್ರೆ ಅದೇ ಮಾತ್ರೆ ಮುಂದುವರಿಸಬೇಡಿ, ಪರೀಕ್ಷೆ ಮಾಡಿ. ಹೀಗಂದಿದ್ದಕ್ಕೆ ಅತ್ತೆ “ಅದು ಸರಿ” ಅಂದ್ರು.

ಇದು ಆಸ್ಪತ್ರೆಯವರ ಮೇಲೆ ಮಾತ್ರ ಹೊರಿಸೋ ತಪ್ಪಲ್ಲ. ಚೀಟಿ ಹಿಡ್ಕೊಂಡು ಎರಡನೇ ಸಲ ಮಾತ್ರೆ ತಂದಿದ್ದು ನಮ್ಮ ಮನೆಯವರೇ. ಇನ್ನು ನಮ್ಮ ಹಾಸ್ಟೆಲ್ ಕಥೆ ಗೊತ್ತಲ್ಲ. ತೊಡೆಸಂದಿಯಲ್ಲಿ ಹುಳುಕಡ್ಡಿ ಬಂದ್ರೆ ಸೀನಿಯರ್ ಹತ್ರ ಉಳಿದ ಎರಡು ಮಾತ್ರೆ, ಪಕ್ಕದ ರೂಮಿನವನ ಕ್ರೀಮ್. ಆ ಕ್ರೀಮಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಕೂಡ ಇರುತ್ತೆ. ತುರಿಕೆ ನಿಲ್ಲುತ್ತೆ, ಶಿಲೀಂಧ್ರ ಆರಾಮಾಗಿ ಹರಡುತ್ತೆ. ಅರ್ಧಂಬರ್ಧ ಔಷಧ ತಗೊಂಡು ನಾವೇ ಅದಕ್ಕೆ ಟ್ರೈನಿಂಗ್ ಕೊಡ್ತಿದ್ದೀವಿ.

ತಾತನಿಗೆ ಔಷಧ ಬದಲಾಯಿಸಿದರು. ಯಾವುದು ಅಂತ ಬರೆಯಲ್ಲ, ನಿಮ್ಮಲ್ಲಿ ಯಾರಾದ್ರೂ ನೇರ ಅಂಗಡಿಗೆ ಹೋಗಿ ಅದನ್ನೇ ಕೇಳ್ತೀರ. ರಾತ್ರಿ ಹಲ್ಲಿನ ಸೆಟ್ ತೆಗೆದು ತೊಳೆದಿಡೋದು, ಇನ್‌ಹೇಲರ್ ಆದ್ಮೇಲೆ ಬಾಯಿ ಮುಕ್ಕಳಿಸೋದು ಶುರುವಾಯ್ತು. ಹತ್ತನೇ ದಿನ ಅವರೇ ಮುದ್ದೆ ಕೇಳಿದರು.

ನಿಮ್ಮ ಮನೆಯ ಹಿರಿಯರು ಆಸ್ಪತ್ರೆಯಲ್ಲಿದ್ದಾಗ ಊಟ ಬೇಡ ಅಂದ್ರೆ ಬೈಬೇಡಿ. ಫೋನಿನ ಟಾರ್ಚ್ ಹಾಕಿ “ತಾತ, ಬಾಯಿ ತೆಗೀರಿ” ಅನ್ನಿ. ನಾನು ಅದನ್ನ ಎಂಟನೇ ದಿನವೇ ಮಾಡಬೇಕಿತ್ತು.