ಲಕ್ವ ಹೊಡೆದವರ ಮೈಕಾವು

ಏಪ್ರಿಲ್ ತಿಂಗಳ ಮಧ್ಯಾಹ್ನ ಕೊಪ್ಪಳ ಸೀಮೆಯ ಬಿಸಿಲು 40 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟುವುದು ಹೊಸತೇನಲ್ಲ. ಅಂಥ ಹೊತ್ತಿನಲ್ಲಿ ಕುಷ್ಟಗಿಯ ಕಡೆಯ ಹಳ್ಳಿಯೊಂದರಲ್ಲಿ ಒಬ್ಬರಿಗೆ ಪಾರ್ಶ್ವವಾಯು, ಜನರ ಮಾತಿನಲ್ಲಿ ಲಕ್ವ, ಹೊಡೆಯಿತೆನ್ನಿ. ಮನೆಯವರು ಕಂಬಳಿ ಹೊದಿಸಿ, ಗಾಳಿಯಾಡದಂತೆ ಸುತ್ತುಗಟ್ಟಿ ನಿಲ್ಲುವುದುಂಟು. ಇದು ಪ್ರೀತಿಯಿಂದ ಮಾಡುವ ತಪ್ಪೆಂದೇ ನಮ್ಮ ಅಭಿಪ್ರಾಯ.

ಲೆಕ್ಕ ಸುಲಭವಾದುದು. ಸುಮ್ಮನೆ ಮಲಗಿರುವ ದೇಹವೂ ಗಂಟೆಗೆ ಸುಮಾರು 70 ಕಿಲೊಕ್ಯಾಲೊರಿ ಶಾಖವನ್ನು ಹುಟ್ಟಿಸುತ್ತದೆ. 60 ಕಿಲೊಗ್ರಾಂ ತೂಕದ ದೇಹದ ಉಷ್ಣಮಾನ 1 ಡಿಗ್ರಿ ಏರಲು ಸುಮಾರು 50 ಕಿಲೊಕ್ಯಾಲೊರಿ ಸಾಕು. ಹುಟ್ಟಿದ ಶಾಖ ಹೊರಹೋಗದಿದ್ದರೆ ಒಂದು ಗಂಟೆಯೊಳಗೇ ಅಷ್ಟು ಏರಬೇಕು. ಸುತ್ತಲಿನ ಗಾಳಿ ಮೈಗಿಂತ ಬಿಸಿಯಾಗಿರುವಾಗ ಶಾಖವು ಒಳಮುಖವಾಗಿಯೇ ಹರಿಯುತ್ತದೆ. ಉಳಿಯುವ ದಾರಿ ಬೆವರು ಆರುವುದೊಂದೇ. 1 ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿಗಳನ್ನು ಒಯ್ಯುತ್ತದೆ. ಹರವಿಯ ನೀರು ತಣ್ಣಗಾಗುವುದೂ ಹೀಗೆಯೇ. ಕಂಬಳಿ ಆ ದಾರಿಯನ್ನು ಮುಚ್ಚುತ್ತದೆ.

ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು. ಬಳಸುವ ಆಮ್ಲಜನಕವಾದರೋ ಐದರಲ್ಲೊಂದು ಪಾಲು. ಕಾವು ಏರಿದಂತೆ ಈ ಬೇಡಿಕೆಯೂ ಏರುತ್ತದೆ. ರಕ್ತನಾಳ ಕಟ್ಟಿಕೊಂಡ ಭಾಗಕ್ಕೆ ಅದನ್ನು ಒದಗಿಸುವವರಾರು? 1996ರಲ್ಲಿ ಪ್ರಕಟವಾದ ಕೋಪನ್‌ಹೇಗನ್ನಿನ ಅಧ್ಯಯನದಲ್ಲಿ, ಆಸ್ಪತ್ರೆ ಸೇರುವಾಗಿನ ಉಷ್ಣಮಾನದ ಪ್ರತಿ 1 ಡಿಗ್ರಿ ಏರಿಕೆಗೆ ಕೆಟ್ಟ ಪರಿಣಾಮದ ಸಂಭವ ಎರಡು ಪಟ್ಟಿಗೂ ಮಿಕ್ಕಿ ಹೆಚ್ಚಿತ್ತು.

ಹಾಗಾದರೆ ಮೈಯನ್ನು ಇನ್ನೂ ತಣ್ಣಗೆ ಮಾಡೋಣವೆಂದು ಯಾರಿಗಾದರೂ ತೋರೀತು. ಯುರೋಪಿನಲ್ಲಿ 34ರಿಂದ 35 ಡಿಗ್ರಿಗೆ ಇಳಿಸಿ ನೋಡಿದ ಪ್ರಯೋಗ ನಡುವೆಯೇ ನಿಂತಿತು; 2019ರ ಅದರ ವರದಿಯಲ್ಲಿ ಲಾಭವೇನೂ ಕಾಣಲಿಲ್ಲ. ನಡುಗುವ ರೋಗಿಯ ಸ್ನಾಯುಗಳೇ ಮತ್ತೆ ಶಾಖವನ್ನು ಹುಟ್ಟಿಸುತ್ತವೆಯಷ್ಟೆ. ಯಂತ್ರದಿಂದ ಜ್ವರವನ್ನು ತಡೆದ 2024ರ ಪರೀಕ್ಷೆಯಲ್ಲೂ ಜ್ವರ ಇಳಿಯಿತು, ಚೇತರಿಕೆ ಮಾತ್ರ ಹೆಚ್ಚಲಿಲ್ಲ. ಇದನ್ನು ಮರೆಮಾಚುವುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಸಲ್ಲದು. ಆದರೆ ಆಸ್ಟ್ರೇಲಿಯದ 2011ರ ಪರೀಕ್ಷೆಯನ್ನೂ ನೋಡಬೇಕು. ಅಲ್ಲಿ ದಾದಿಯರು ಜ್ವರ, ರಕ್ತದ ಸಕ್ಕರೆ, ನುಂಗುವ ಶಕ್ತಿ ಈ ಮೂರನ್ನೂ ನಿಯಮವಾಗಿ ಗಮನಿಸಿ ಉಪಚರಿಸಿದ ಕಡೆ, 90 ದಿನಗಳ ತರುವಾಯ ಸತ್ತವರೂ ಪರಾಧೀನರಾದವರೂ ಸೇರಿ ನೂರಕ್ಕೆ 42, ಉಳಿದೆಡೆ 58.

ಆದುದರಿಂದ ನಾವು ಬೇಡುವುದು ದುಬಾರಿ ಯಂತ್ರವನ್ನಲ್ಲ. ಗಂಗಾವತಿ, ಯಲಬುರ್ಗಾ, ಕುಷ್ಟಗಿಯಂಥ ಊರುಗಳ ಪ್ರತಿಯೊಂದು ಆಸ್ಪತ್ರೆಯಲ್ಲೂ ಲಕ್ವದ ರೋಗಿಯ ಉಷ್ಣಮಾನವನ್ನು ಕೆಲವು ಗಂಟೆಗೊಮ್ಮೆ ಅಳೆದು ಬರೆದಿಡಬೇಕು. ಜ್ವರ ಬಂದರೆ ಅದರ ಕಾರಣವನ್ನು ಹುಡುಕಬೇಕು. ಮನೆಯಲ್ಲಿ ಓದುಬರಹ ಬಲ್ಲ ಮಕ್ಕಳ ಪಾಲಿನ ಕೆಲಸವೂ ಉಂಟು: 108ಕ್ಕೆ ಕರೆಮಾಡುವುದು, ಕಂಬಳಿ ತೆಗೆದು ಗಾಳಿ ಬಿಡುವುದು, ಬಾಯಿಗೆ ನೀರನ್ನಾಗಲಿ ಗುಳಿಗೆಯನ್ನಾಗಲಿ ಹಾಕದಿರುವುದು. ಲಕ್ವ ಹೊಡೆದ ಗಳಿಗೆಯನ್ನು ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಬೇಕು. ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಕೊಡುವುದು ಆ ಗಳಿಗೆಯಿಂದ ನಾಲ್ಕೂವರೆ ಗಂಟೆಯೊಳಗೆ ಮಾತ್ರ.