ಜೋಳದ ರೊಟ್ಟಿಗೆ ಬ್ರೊಕೊಲಿ ಪಲ್ಲೆ

ಮಂಗಳೂರು ಎಂದೊಡನೆ ಕಡಲು, ಮೀನು, ನೀರುದೋಸೆ ನೆನಪಾಗುವುದು ಸಹಜ. ಆದರೆ ಕೊಪ್ಪಳ ಜಿಲ್ಲೆಯಲ್ಲಿಯೂ ಒಂದು ಮಂಗಳೂರು ಇದೆ. ಮೊದಲು ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು, ಈಗ ಕುಕನೂರು ತಾಲ್ಲೂಕಿನಲ್ಲಿರುವ ಈ ಊರಿನ ಸುತ್ತ ಇರುವುದು ಕಡಲಲ್ಲ, ಮಳೆ ನಂಬಿದ ಹೊಲ. ಇಲ್ಲಿಯ ಊಟವೆಂದರೆ ಜೋಳದ ರೊಟ್ಟಿ, ಪಲ್ಲೆ, ಕಾಳು, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಮೇಲಿಷ್ಟು ಮೊಸರು.

ಈ ಸೀಮೆಯ ಮಕ್ಕಳು ಓದಿಗೆಂದು ಕೊಪ್ಪಳ, ಗಂಗಾವತಿ, ಧಾರವಾಡಗಳಲ್ಲಿ ರೂಮು ಹಿಡಿಯುತ್ತಾರೆ. ಅವ್ವ ಕಟ್ಟಿಕೊಟ್ಟ ಬುತ್ತಿಯಲ್ಲಿ ಕಡಕ್ ರೊಟ್ಟಿ ವಾರಗಟ್ಟಲೆ ಉಳಿಯುತ್ತದೆ, ಹಿಂಡಿ ತಿಂಗಳು ತಾಳುತ್ತದೆ. ಪಲ್ಲೆ ಮಾತ್ರ ಮರುದಿನಕ್ಕೇ ಹಳಸುತ್ತದೆ. ಹೀಗಾಗಿ ಊರಿನಲ್ಲಿ ದಿನವೂ ಹಸಿರು ತಿಂದು ಬೆಳೆದ ಹುಡುಗ ಹುಡುಗಿಯರು ಬರೀ ರೊಟ್ಟಿ, ಹಿಂಡಿ ತಿಂದು, ಮೇಲೊಂದು ಚಹಾ ಕುಡಿದು ಕಾಲೇಜಿಗೆ ನಡೆಯುತ್ತಾರೆ. ಇದು ಕೇವಲ ನಾಲಿಗೆಯ ಪ್ರಶ್ನೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡ 59 ಮಂದಿಗೆ ರಕ್ತಹೀನತೆ ಇತ್ತು. ಜೋಳ, ಕಾಳುಗಳಲ್ಲಿ ಕಬ್ಬಿಣವೇನೋ ಇದೆ. ಆದರೆ ಅದು ಮೈಗೆ ಹತ್ತಬೇಕಾದರೆ ಅದೇ ಊಟದಲ್ಲಿ ‘ಸಿ’ ಜೀವಸತ್ವ ಜೊತೆಗಿದ್ದರೆ ಒಳ್ಳೆಯದು. ಊಟದ ಬೆನ್ನಿಗೇ ಕುಡಿಯುವ ಚಹಾ ಇದಕ್ಕೆ ಅಡ್ಡಗಾಲು.

ಇಲ್ಲಿಯೇ ಬ್ರೊಕೊಲಿ ಉಪಯೋಗಕ್ಕೆ ಬರುತ್ತದೆ. ಇಟಲಿಯಿಂದ ಬಂದ ಹೆಸರು ಕೇಳಿ ಹೆದರಬೇಕಾಗಿಲ್ಲ. ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ ಎಲ್ಲವೂ ಒಂದೇ ಸಸ್ಯ ಜಾತಿಯ ಬೇರೆ ಬೇರೆ ರೂಪಗಳು. ಒಗ್ಗರಣೆಯ ಸಾಸಿವೆಯೂ ಇವುಗಳಿಗೆ ಬಳಗವೇ. 100 ಗ್ರಾಂ ಹಸಿ ಬ್ರೊಕೊಲಿಯಲ್ಲಿ ಸುಮಾರು 89 ಮಿಲಿಗ್ರಾಂ ‘ಸಿ’ ಜೀವಸತ್ವವಿದೆ. ಹೂಕೋಸಿನಲ್ಲಿ ಸುಮಾರು 48. ಆದರೆ ಈ ಜೀವಸತ್ವ ನೀರಿನಲ್ಲಿ ಕರಗುತ್ತದೆ, ಕಾವಿಗೆ ಹಾಳಾಗುತ್ತದೆ. ಕೊಡದಷ್ಟು ನೀರಿನಲ್ಲಿ ಕುದಿಸಿ ಆ ನೀರನ್ನು ಚೆಲ್ಲಿದರೆ ಗುಣವೂ ಹೋಯಿತು, ರುಚಿಯೂ ಹೋಯಿತು. ಉಳಿಯುವುದು ಮಂಕು ಬಣ್ಣ ಮತ್ತು ಗಂಧಕದಂಥ ವಾಸನೆ. ಬ್ರೊಕೊಲಿ ಸಪ್ಪೆ ಎಂದು ದೂರುವವರಲ್ಲಿ ಹೆಚ್ಚಿನವರು ಅದನ್ನು ಅತಿಯಾಗಿ ಬೇಯಿಸಿದವರು.

ಶೇಂಗಾ ಹಾಕಿದ ಪಲ್ಲೆ: ಕಾಲು ಕಿಲೋ ಬ್ರೊಕೊಲಿಯನ್ನು ಸಣ್ಣ ಹೂಗಳಾಗಿ ಬಿಡಿಸಿ, ಉಪ್ಪು ನೀರಿನಲ್ಲಿ ಹತ್ತು ನಿಮಿಷ ಇಟ್ಟು ತೊಳೆಯಬೇಕು, ಒಳಗೆ ಹುಳುವಿದ್ದರೆ ಹೊರಬೀಳುತ್ತದೆ. ದಂಟನ್ನು ಎಸೆಯಬಾರದು. ಮೇಲಿನ ನಾರು ತೆಗೆದರೆ ಒಳಗಿನ ತಿರುಳು ಹೂವಿಗಿಂತ ಸಿಹಿ. ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಆರು ಎಸಳು ಬೆಳ್ಳುಳ್ಳಿ, ಕರಿಬೇವು ಹಾಕಿ, ಹೆಚ್ಚಿದ ಒಂದು ಉಳ್ಳಾಗಡ್ಡಿ ಬಾಡಿಸಬೇಕು. ಮೊದಲು ದಂಟಿನ ಹೋಳು, ಅರಿಶಿನ, ಉಪ್ಪು ಹಾಕಿ ನೀರು ಚಿಮುಕಿಸಿ ಮೂರು ನಿಮಿಷ ಮುಚ್ಚಿಡಬೇಕು. ಆಮೇಲೆ ಹೂಗಳನ್ನು ಸೇರಿಸಿ ಮತ್ತೆ ನಾಲ್ಕು ನಿಮಿಷ. ಹಸಿರು ಮಾಸುವ ಮೊದಲೇ ಎರಡು ಚಮಚ ಶೇಂಗಾ ಹಿಂಡಿ ಉದುರಿಸಿ ಒಲೆ ಆರಿಸಬೇಕು. ಲಿಂಬೆರಸ ಹಿಂಡುವುದು ಇಳಿಸಿದ ಮೇಲೆಯೇ. ಮೊದಲೇ ಹಿಂಡಿದರೆ ಹುಳಿಗೆ ಹಸಿರು ಬಣ್ಣ ಕಂದುತ್ತದೆ.

ಹೆಸರುಬೇಳೆ ಪಲ್ಲೆ: ಅರ್ಧ ಬಟ್ಟಲು ಹೆಸರುಬೇಳೆಯನ್ನು ಅರ್ಧ ಗಂಟೆ ನೆನೆಸಿ, ಕಾಳು ಕಾಳಾಗಿರುವಂತೆ ಬೇಯಿಸಬೇಕು. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆಗೆ ಬೇಳೆಯನ್ನೂ ಬ್ರೊಕೊಲಿಯನ್ನೂ ಹಾಕಿ ಐದು ನಿಮಿಷ ಬೇಯಿಸಿದರೆ ಸಾಕು. ರೊಟ್ಟಿಗೂ ಆಯಿತು, ಅನ್ನಕ್ಕೂ ಆಯಿತು. ಒಂದೇ ಒಲೆಯ ರೂಮಿನಲ್ಲಿ ಇದು ಅನುಕೂಲ.

ದಂಟಿನ ಪಚಡಿ: ಉಳಿದ ದಂಟನ್ನು ಹೆರೆದು, ಉಪ್ಪು, ಒಂದು ಚಮಚ ಗುರೆಳ್ಳು ಪುಡಿ, ಗಟ್ಟಿ ಮೊಸರು ಕಲಸಿದರೆ ಒಲೆಯ ಹಂಗೇ ಇಲ್ಲದ ಪಚಡಿ. ಕಾಯಿಸದೆ ತಿನ್ನುವುದರಿಂದ ಜೀವಸತ್ವ ಹೆಚ್ಚು ಉಳಿಯುತ್ತದೆ.

ತಂಪು ಹವೆಯ ಬೆಳೆಯಾದ ಬ್ರೊಕೊಲಿ ಚಳಿಗಾಲದಲ್ಲಿ ಚೆನ್ನಾಗಿ ಬರುತ್ತದೆ. ಮೊಗ್ಗು ಒತ್ತಾಗಿ, ಕಡು ಹಸಿರಾಗಿರುವುದನ್ನು ಆರಿಸಬೇಕು. ಹಳದಿ ತಿರುಗಿದ್ದು ಹಳೆಯದು. ಬೆಲೆ ಕೈಗೆಟುಕದಿದ್ದರೆ ತಂದೆತಾಯಿಗಳು ಕೊರಗಬೇಕಾಗಿಲ್ಲ, ಮಕ್ಕಳು ಹಟ ಹಿಡಿಯಬೇಕಾಗಿಯೂ ಇಲ್ಲ. ಇದೇ ಪಲ್ಲೆಯನ್ನು ಇದೇ ಕ್ರಮದಲ್ಲಿ ಹೂಕೋಸು, ಎಲೆಕೋಸುಗಳಿಂದ ಮಾಡಬಹುದು. ‘ಸಿ’ ಜೀವಸತ್ವದ ಲೆಕ್ಕಕ್ಕೆ ನಮ್ಮ ಪೇರಲ ಹಣ್ಣು ಬ್ರೊಕೊಲಿಯನ್ನೂ ಮೀರಿಸುತ್ತದೆ: 100 ಗ್ರಾಮಿಗೆ 200 ಮಿಲಿಗ್ರಾಮಿಗೂ ಹೆಚ್ಚು. ಪುಂಡಿ, ಮೆಂತ್ಯ, ಹಕ್ಕರಕಿಯ ಜಾಗವನ್ನು ಕಸಿಯಲು ಬ್ರೊಕೊಲಿ ಬಂದಿಲ್ಲ; ಅವು ಸಿಗದ ಪೇಟೆಯಲ್ಲಿ ಕೈಹಿಡಿಯಲು ಬಂದಿದೆ. ರಕ್ತಹೀನತೆ ಇದ್ದವರು ಮಾತ್ರ ಪಲ್ಲೆಯೊಂದನ್ನೇ ನಂಬದೆ ವೈದ್ಯರು ಹೇಳಿದ ಮಾತ್ರೆಯನ್ನು ತಪ್ಪದೆ ನುಂಗಬೇಕು.

ಮುಂದಿನ ಸಲ ಮಗಳು ರಜೆಗೆ ಊರಿಗೆ ಬಂದಾಗ ಅವ್ವ ಮಾಡಬಹುದಾದ ಕೆಲಸವೊಂದಿದೆ. ರೊಟ್ಟಿ ಕಟ್ಟಿಕೊಡುವ ಮುನ್ನ ಅವಳನ್ನು ಒಲೆಯ ಮುಂದೆ ಕೂರಿಸಿ ಒಂದು ಪಲ್ಲೆಯ ಒಗ್ಗರಣೆ ಹಾಕಿಸಬೇಕು. ಮಗನಿಗೂ ಇದೇ ಪಾಠ. ಬುತ್ತಿ ಎಂಟು ದಿನಕ್ಕೆ ಬರಿದಾಗುತ್ತದೆ. ಕೈಗೆ ಬಂದ ಅಡಿಗೆ ಎಲ್ಲಿ ಹೋದರೂ ಜೊತೆಗೆ ಬರುತ್ತದೆ.