ಪದಕಕ್ಕೂ ಮೊದಲು ಮೈ ಬೆಳೆಯಲಿ: ಕ್ರೀಡಾ ವಸತಿನಿಲಯದ ಮಕ್ಕಳ ಪರವಾಗಿ ಹಕ್ಕೊತ್ತಾಯ ಪತ್ರ

ರಾಜ್ಯದಲ್ಲಿ ಕ್ರೀಡಾ ವಸತಿನಿಲಯ, ಕ್ರೀಡಾಶಾಲೆ, ಖಾಸಗಿ ಅಕಾಡೆಮಿ ನಡೆಸುವ ಎಲ್ಲರಿಗೆ, ಅಲ್ಲಿ ಮಕ್ಕಳನ್ನು ಬಿಟ್ಟಿರುವ ಪೋಷಕರು ಮತ್ತು ಅಲ್ಲೇ ಆಡಿ ಬೆಳೆದ ಹಳೆಯ ಕ್ರೀಡಾಪಟುಗಳು ಸಲ್ಲಿಸುವುದು:

ಹತ್ತು, ಹನ್ನೊಂದರ ವಯಸ್ಸಿಗೇ ಮಕ್ಕಳನ್ನು ಆರಿಸಿಕೊಳ್ಳುತ್ತೀರಿ. ಮೈ ಬದಲಾಗುವ ಅಷ್ಟೂ ವರ್ಷ ಅವರು ನಿಮ್ಮ ಮೈದಾನದಲ್ಲಿ, ನಿಮ್ಮ ಊಟದ ಕೋಣೆಯಲ್ಲಿ ಇರುತ್ತಾರೆ. ಮನೆಯಲ್ಲಾದರೆ ಹುಡುಗಿ ಹದಿನೈದು ದಾಟಿಯೂ ದೊಡ್ಡವಳಾಗದಿದ್ದರೆ ಅಜ್ಜಿಯಾದರೂ ವಿಚಾರಿಸುತ್ತಾಳೆ. ಹಾಸ್ಟೆಲ್ಲಿನಲ್ಲಿ ಕೇಳುವವರಿಲ್ಲ. ಹುಡುಗಿಯೇ ಬಾಯಿಬಿಟ್ಟರೆ, “ಪ್ರಾಕ್ಟೀಸ್ ಜೋರಿದೆಯಲ್ಲ, ಹಂಗೇ ಆಗೋದು, ಒಳ್ಳೇದೇ ಆಯ್ತು ಬಿಡು” ಎಂಬ ಉತ್ತರ. ಆ ಉತ್ತರವನ್ನು ನಾವು ಒಪ್ಪುವುದಿಲ್ಲ.

ಕಸರತ್ತು ಕೆಟ್ಟದ್ದೆಂಬುದು ನಮ್ಮ ವಾದವಲ್ಲ. ಜಿಮ್ನಾಸ್ಟ್‌ಗಳು ಕುಳ್ಳಗಿರುವುದಕ್ಕೆ, ತಡವಾಗಿ ಮೈನೆರೆಯುವುದಕ್ಕೆ ತರಬೇತಿಯೇ ಕಾರಣ ಎನ್ನಲು ಪುರಾವೆ ಸಾಲದೆಂದು ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟ ಕರೆಸಿದ್ದ ತಜ್ಞರ ಸಮಿತಿ 2013ರಲ್ಲಿ ಹೇಳಿದೆ. ಹುಟ್ಟಾ ಸಣ್ಣ ಮೈಕಟ್ಟಿನ, ನಿಧಾನವಾಗಿ ಬೆಳೆಯುವ ಮಕ್ಕಳೇ ಆ ಆಟದಲ್ಲಿ ಉಳಿದುಕೊಳ್ಳುವುದು ಹೆಚ್ಚು. ಇನ್ನೊಂದು ಕಡೆ, ಮೈನೆರೆಯುವ ಮೊದಲೇ ಅಭ್ಯಾಸಕ್ಕಿಳಿದ ಅಮೆರಿಕದ ಈಜುಗಾರ್ತಿ, ಓಟಗಾರ್ತಿಯರಲ್ಲಿ ತರಬೇತಿಯ ಒಂದೊಂದು ವರ್ಷಕ್ಕೆ ಮೊದಲ ಮುಟ್ಟು ಸುಮಾರು ಐದು ತಿಂಗಳು ಹಿಂದೆ ಬಿದ್ದದ್ದನ್ನು ಸಂಶೋಧಕಿ ರೋಸ್ ಫ್ರಿಷ್ 1981ರಲ್ಲಿ ತೋರಿಸಿದ್ದರು. ಈ ಚರ್ಚೆ ಮುಗಿದಿಲ್ಲ. ಆದರೆ ಖರ್ಚಾದಷ್ಟು ಊಟ ಸಿಗದಿದ್ದರೆ ಮೆದುಳಿನ ಹೈಪೋಥಲಮಸ್ ತನ್ನ ಹಾರ್ಮೋನನ್ನು ತಗ್ಗಿಸುತ್ತದೆ, ಅದರ ಹಿಂದೆಯೇ ಪಿಟ್ಯುಟರಿ, ಅಂಡಾಶಯ, ವೃಷಣಗಳ ಕೆಲಸವೂ ಮಂದವಾಗುತ್ತದೆ ಎಂಬುದರಲ್ಲಿ ತಕರಾರಿಲ್ಲ. ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ‘ರೆಡ್-ಎಸ್’ ಎಂದು ಹೆಸರಿಟ್ಟು ಗಂಡುಮಕ್ಕಳನ್ನೂ ಸೇರಿಸಿತು. ಹಾಗಾಗಿ ನಮ್ಮ ಮೊದಲ ಬೇಡಿಕೆ ಅಡುಗೆಮನೆಯದು.

1. ತಲೆಗಿಷ್ಟು ಎಂಬ ಒಂದೇ ದರದ ಊಟದ ಗುತ್ತಿಗೆ ನಿಲ್ಲಬೇಕು. ಮಗುವಿನ ತೂಕ, ಆಟ, ಅಭ್ಯಾಸದ ಹೊತ್ತು ನೋಡಿ ಊಟ ನಿಗದಿಯಾಗಬೇಕು. ಲೆಕ್ಕ ನೋಡಿ. 40 ಕೆ.ಜಿ. ತೂಕದ ಓಟಗಾರ್ತಿಯಲ್ಲಿ ಕೊಬ್ಬು ಕಳೆದರೆ 33 ಕೆ.ಜಿ. ಎನ್ನೋಣ. ಅಭ್ಯಾಸಕ್ಕೆ ಹೋದದ್ದನ್ನು ಬಿಟ್ಟು, ಆ ತೂಕದ ಕಿಲೋ ಒಂದಕ್ಕೆ ದಿನಕ್ಕೆ 45 ಕ್ಯಾಲೊರಿ ಮೈಗೆ ದಕ್ಕಬೇಕು. ಅದು 30ಕ್ಕಿಂತ ಇಳಿದರೆ ಹಾರ್ಮೋನು ಏರುಪೇರಾಗುವುದು ವಯಸ್ಕ ಹೆಂಗಸರ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಎರಡು ಹೊತ್ತಿನ ಅಭ್ಯಾಸಕ್ಕೆ 800 ಹೋದರೆ ಈ ಹುಡುಗಿಗೆ ದಿನಕ್ಕೆ ಸುಮಾರು 2,300 ಬೇಕು. ಬೆಳೆಯುವ ವಯಸ್ಸಾದ್ದರಿಂದ ಅದಕ್ಕೂ ಮೇಲೆ. ಬೆಳಿಗ್ಗೆ ಐದೂವರೆಗೆ ಖಾಲಿ ಹೊಟ್ಟೆಯಲ್ಲಿ ಓಡಿಸಿ, ಎಂಟೂವರೆಗೆ ಒಂದು ಸೌಟು ಉಪ್ಪಿಟ್ಟು ಹಾಕಿ ಸ್ಕೂಲಿಗೆ ಅಟ್ಟಿದರೆ ಈ ಲೆಕ್ಕ ಹೊಂದುವುದಿಲ್ಲ. ಮೈದಾನಕ್ಕಿಳಿಯುವ ಮೊದಲು ಬಾಳೆಹಣ್ಣು, ನೆನೆಸಿದ ಶೇಂಗಾ ಕೊಡಿ. ಮುಗಿದ ಅರ್ಧ ಗಂಟೆಯೊಳಗೆ ಹಾಲು, ಮೊಟ್ಟೆ ಕೈಗೆ ಸಿಗಲಿ. ಎರಡನೇ ಸಲ ಅನ್ನ ಕೇಳಿದ ಹುಡುಗಿಯನ್ನು ಯಾರೂ ಮೇಲಿಂದ ಕೆಳಗೆ ನೋಡಕೂಡದು.

2. ವಯಸ್ಸು ಮುಚ್ಚಿಡುವವರನ್ನು ಹಿಡಿಯಲೆಂದು ಎಡಗೈ ಮಣಿಕಟ್ಟಿನ ಎಕ್ಸ್-ರೇ ತೆಗೆಸಿ, ಟ್ಯಾನರ್-ವೈಟ್‌ಹೌಸ್ ವಿಧಾನದಲ್ಲಿ ಮೂಳೆಯ ವಯಸ್ಸು ಎಣಿಸುವ ಪದ್ಧತಿ ಇದೆ. ಮೂಳೆ ಹೆಚ್ಚು ವಯಸ್ಸು ಹೇಳಿದರೆ ಮಗು ಹೊರಗೆ. ಎರಡು ವರ್ಷ ಕಡಿಮೆ ಹೇಳಿದರೆ? ‘ಪಾಸ್’ ಎಂದು ಬರೆದು ಫೈಲು ಕಟ್ಟಿಡುತ್ತಾರೆ. ಮೋಸ ಹುಡುಕಲು ತೆಗೆದ ಅದೇ ಫಿಲ್ಮಿನಲ್ಲಿ ಬೆಳವಣಿಗೆ ಹಿಂದೆ ಬಿದ್ದಿರುವುದೂ ಕಾಣುತ್ತಿರುತ್ತದೆ. ಹೊಸ ಯಂತ್ರ ಬೇಡ, ಹೊಸ ಅನುದಾನವೂ ಬೇಡ. ಮೂಳೆಯ ವಯಸ್ಸು ಎರಡು ವರ್ಷ ಹಿಂದಿರುವ ಪ್ರತಿ ಮಗುವನ್ನೂ ಮಕ್ಕಳ ಹಾರ್ಮೋನು ತಜ್ಞರ ಬಳಿ ಕಳಿಸಬೇಕು, ವರದಿಯ ಪ್ರತಿ ಪೋಷಕರ ಕೈಗೆ ಬರಬೇಕು. ಈ ಪತ್ರದಲ್ಲಿ ಒಂದೇ ಬೇಡಿಕೆ ಈಡೇರುವುದಾದರೆ ಇದು ಈಡೇರಲಿ.

3. ಮೂರು ತಿಂಗಳಿಗೊಮ್ಮೆ ಎತ್ತರ, ತೂಕ ದಾಖಲಾಗಬೇಕು. 13 ತುಂಬಿದರೂ ಎದೆ ಬೆಳೆಯದ, 15 ತುಂಬಿದರೂ ಮೈನೆರೆಯದ, ಶುರುವಾದ ಮುಟ್ಟು ಮೂರು ತಿಂಗಳು ನಿಂತುಹೋದ ಹುಡುಗಿಯರನ್ನು, 14 ತುಂಬಿದರೂ ವೃಷಣ ಬೆಳೆಯದ ಹುಡುಗರನ್ನು ತಿಂಗಳೊಳಗೆ ವೈದ್ಯರಿಗೆ ತೋರಿಸಬೇಕು. ಎತ್ತರ ಸರ್ರನೆ ಏರುವ ಎರಡು ವರ್ಷದಲ್ಲೇ ವಯಸ್ಕ ಮೂಳೆಯ ಖನಿಜದ ಸುಮಾರು ಕಾಲುಭಾಗ ಸೇರಿಕೊಳ್ಳುತ್ತದೆ. ಆಗ ಈಸ್ಟ್ರೋಜನ್ ಸಾಲದಿದ್ದರೆ ಆಮೇಲೆ ಪೂರ್ತಿ ತುಂಬಿಕೊಳ್ಳುವುದು ಕಷ್ಟ. ಹುಡುಗಿಯರ ತಪಾಸಣೆಗೆ ಲೇಡಿ ಡಾಕ್ಟರೇ ಬೇಕು, ಪೋಷಕರ ಒಪ್ಪಿಗೆ ಬೇಕು, ಮಗುವಿನ ಒಪ್ಪಿಗೆಯೂ ಬೇಕು. ಕೋಚ್‌ಗೆ ತಿಳಿಯಬೇಕಾದದ್ದು ಆಡಬಹುದೋ ಇಲ್ಲವೋ ಎಂಬುದಷ್ಟೆ.

4. ಮುಟ್ಟು ಬರಿಸಲು ಮಾತ್ರೆ, ಕೂಟ ಬಂದಾಗ ಮುಂದೂಡಲು ಇನ್ನೊಂದು ಮಾತ್ರೆ: ವಾರ್ಡನ್ ಕೈಯಿಂದ ಇವೆರಡೂ ಸಿಗಕೂಡದು. ಮಾತ್ರೆಯಿಂದ ರಕ್ತ ಕಂಡಾಕ್ಷಣ ಮೈ ಸರಿಹೋಯಿತೆಂದಲ್ಲ. ಊಟ ಸಾಲದೆ ನಿಂತದ್ದು ಹಾಗೆಯೇ ಇರುತ್ತದೆ, ಮರೆಯಾಗಿರುತ್ತದೆ ಅಷ್ಟೆ.

5. ಹದಿನೆಂಟರೊಳಗಿನ ಪೈಲ್ವಾನರಿಗೆ ತೂಕ ಇಳಿಸುವ ಕಸರತ್ತು ನಿಷೇಧವಾಗಬೇಕು. ದಾವಣಗೆರೆ, ಬೆಳಗಾವಿ, ಧಾರವಾಡದ ಕುಸ್ತಿ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ: ಸ್ವೆಟರ್ ಮೇಲೆ ಜರ್ಕಿನ್ ತೊಟ್ಟು ಬಿಸಿಲಲ್ಲಿ ಓಡುವುದು, ಎರಡು ದಿನ ನೀರು ಮುಟ್ಟದಿರುವುದು, ತೂಕಕ್ಕೆ ನಿಲ್ಲುವ ಹಿಂದಿನ ರಾತ್ರಿ ಬಾಟಲಿಗೆ ಉಗುಳುತ್ತ ಕೂರುವುದು. 1997ರಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಸತ್ತ ಮೇಲೆ ಅಲ್ಲಿ ನಿಯಮ ಬಂತು. ಅಲ್ಲಿನ ಶಾಲಾ ಹುಡುಗರಲ್ಲಿ ಸೀಸನ್ ಹೊತ್ತಿಗೆ ಟೆಸ್ಟೊಸ್ಟೆರಾನ್ ಇಳಿದು, ಸೀಸನ್ ಮುಗಿದು ಊಟ ಕೂಡಿಬಂದ ಮೇಲೆ ಮತ್ತೆ ಏರಿದ್ದೂ ಕಂಡಿದೆ. ಮರಳಿ ಏರುತ್ತದಲ್ಲ ಎಂದು ಸುಮ್ಮನಿರಬೇಡಿ. ವರ್ಷವಿಡೀ ಕೂಟವಿದ್ದರೆ ಏರಲು ಸಮಯವೆಲ್ಲಿ? ಬೆಳೆಯುವ ಹುಡುಗ ಮೇಲಿನ ತೂಕದ ವರ್ಗಕ್ಕೆ ಹೋಗಲಿ.

6. ವಾರಕ್ಕೊಂದು ದಿನ ಪೂರ್ತಿ ಬಿಡುವು. ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸಿನ ಸಂಖ್ಯೆ ಮೀರದಿರಲಿ: ಹನ್ನೆರಡರ ಮಗುವಿಗೆ ಹನ್ನೆರಡು ಗಂಟೆ.

7. ತಡವಾಗಿ ಬೆಳೆಯುವ ಹುಡುಗರನ್ನು 14 ವರ್ಷದೊಳಗಿನವರ ಆಯ್ಕೆಯಲ್ಲಿ ‘ಹೈಟ್ ಇಲ್ಲ’ ಎಂದು ಕೈಬಿಡುವುದು, ಬೇಗ ಮೈತುಂಬಿದ ಹುಡುಗಿಯನ್ನು ‘ಮೈ ಬಂತು, ಇನ್ನಾಗಲ್ಲ’ ಎಂದು ಮನೆಗೆ ಕಳಿಸುವುದು, ಎರಡೂ ನಿಲ್ಲಬೇಕು. ಸೊಂಟ ಅಗಲವಾದ ವರ್ಷ ಓಟದ ಸಮಯ ತುಸು ಕೆಡುವುದು ಸಹಜ. ಆ ಒಂದು ವರ್ಷದ ಟೈಮಿಂಗ್ ನೋಡಿ ಯಾರ ಸೀಟನ್ನೂ ಕಿತ್ತುಕೊಳ್ಳಬಾರದು. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟವೇ ಹಿರಿಯರ ಸ್ಪರ್ಧೆಯ ಕನಿಷ್ಠ ವಯಸ್ಸನ್ನು 15ರಿಂದ 17ಕ್ಕೆ ಏರಿಸಲು 2022ರಲ್ಲಿ ತೀರ್ಮಾನಿಸಿದೆ. ನಮ್ಮ ಟ್ರಯಲ್ಸ್‌ಗಳಿಗೇಕೆ ಇಷ್ಟು ಅವಸರ?

8. ತೂಕ ನೋಡುವುದು ಮುಚ್ಚಿದ ಕೋಣೆಯಲ್ಲಿ ನಡೆಯಲಿ. ಸಾಲಾಗಿ ನಿಲ್ಲಿಸಿ ಕೂಗಿ ಹೇಳುವುದು, ‘ಡುಮ್ಮಿ’ ಎನ್ನುವುದು ಬೇಡ.

ಈ ಎಂಟಕ್ಕೂ ಲಿಖಿತ ಉತ್ತರವನ್ನು ಮುಂದಿನ ಆಯ್ಕೆ ಟ್ರಯಲ್ಸ್‌ಗೆ ಮುಂಚೆ ಹಾಸ್ಟೆಲ್ ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲಿ ಹಾಕಬೇಕು. ಎರಡನೆಯದಕ್ಕೆ ಉತ್ತರ ಬರುವವರೆಗೆ ಹೊಸ ಎಕ್ಸ್-ರೇ ಒಪ್ಪಿಗೆ ಪತ್ರಗಳಿಗೆ ನಾವು ಸಹಿ ಹಾಕುವುದಿಲ್ಲ.